ಹೊಳಲ್ಕೆರೆ ಹೋಗಿ ಹೊಳಲೆರೆ ಆದಾಗ

ಮೂರನೇ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ವರಿಗೂ ಡಿಸೈನ್ ಹುಚ್ಚು ಹತ್ತಿತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಹೀಗೆ ಊರಿಗೊಬ್ಬರು. ರಾಜ್ಯೋತ್ಸವಕ್ಕೆ ನಮ್ಮ ಜಿಲ್ಲೆಯ ಬ್ಯಾನರ್ ನಾವೇ ಮಾಡ್ತೀವಿ ಅಂತ ಮುಂದೆ ಬಿದ್ವಿ. ಗೆಳೆಯರ ಹತ್ರ ದುಡ್ಡೂ ಎತ್ತಿದ್ವಿ.

ಇಂಗ್ಲಿಷ್ ಟೆಂಪ್ಲೇಟ್ ಒಂದು ಸಿಕ್ತು. ಒಂದರ ಕೆಳಗೊಂದು ನಾಲ್ಕು ಬಣ್ಣದ ಪಟ್ಟಿ. ಇಂಗ್ಲಿಷ್ ಅಳಿಸಿ ಊರಿನ ಹೆಸರು ಟೈಪ್ ಮಾಡಿ, ಹಿಂದೆ ಕೋಟೆಯ ಫೋಟೋ ಹಾಕಿ, ಮೊಬೈಲ್‌ನಲ್ಲಿ ಚಿಕ್ಕದಾಗಿ ನೋಡಿ, ರಾತ್ರಿ ಎರಡಕ್ಕೆ ಪ್ರಿಂಟಿಗೆ ಕಳಿಸಿದ್ವಿ.

ಬೆಳಿಗ್ಗೆ 10 ಅಡಿ ಅಗಲದ ಫ್ಲೆಕ್ಸ್ ಬಿಚ್ಚಿದ್ರೆ ‘ಚಿತದುರ್ಗ’, ‘ಹೊಳಲೆರೆ’! ಕೆಳಗಿನ ಪಟ್ಟಿ ಮೇಲಿನ ಸಾಲಿನ ಒತ್ತಕ್ಷರ ನುಂಗಿತ್ತು. ಇಂಗ್ಲಿಷಿನ ದೊಡ್ಡಕ್ಷರಗಳು ಗೆರೆಯಿಂದ ಕೆಳಗೆ ಇಳಿಯಲ್ಲ. ನಮ್ಮ ಒತ್ತು ಇರೋದೇ ಕೆಳಗೆ. ಹಿರಿಯೂರಿಗೆ ಒತ್ತೇ ಇಲ್ಲ, ಹೊಸದುರ್ಗದ ಅರ್ಕಾವತ್ತು ಪಕ್ಕದಲ್ಲೇ ಕೂರುತ್ತೆ. ಹಾಗಾಗಿ ಅವೆರಡೂ ಬಚಾವ್. ಇನ್ನು ಫೋಟೋ ವಾಟ್ಸಾಪ್‌ನಲ್ಲಿ ಬಂದದ್ದು, ಅಗಲ 1280 ಪಿಕ್ಸೆಲ್. 120 ಇಂಚಿಗೆ ಹಿಗ್ಗಿಸಿದ್ರೆ ಇಂಚಿಗೆ 11 ಪಿಕ್ಸೆಲ್ ಕೂಡ ಇಲ್ಲ. ಕೋಟೆ ಮಂಜಲ್ಲಿ ಮುಳುಗಿತ್ತು.

ಬೇರೆ ಮಾಡಿಸೋಕೆ ಟೈಮಿಲ್ಲ, ಅದನ್ನೇ ಕಟ್ಟಿದ್ವಿ. ಫೋಟೋ ನೋಡಿ ಹೊಳಲ್ಕೆರೆಯ ಗೆಳೆಯನ ಅಪ್ಪ ಸಂಜೆ ಫೋನ್ ಮಾಡಿದ್ರು. ಬೈಯಲಿಲ್ಲ. “ಏನ್ರಪ್ಪಾ, ನಮ್ಮೂರ ಹೆಸರು ಬರೆಯೋಕೆ ಬರಲ್ವಾ?” ಅಂದ್ರು, ಅಷ್ಟೇ. ಅವನು ಅವತ್ತು ರಾತ್ರಿ ನಮ್ಮ ಜೊತೆ ಊಟಕ್ಕೆ ಬರಲಿಲ್ಲ. ಟೈಪ್ ಮಾಡಿದ್ದು ಅವನಲ್ಲ, ನಾವು.

ರಜೆಯಲ್ಲಿ ದುರ್ಗದಲ್ಲಿ ಅಂಗಡಿ ಬೋರ್ಡ್ ಬರೆಯೋ ಪೇಂಟರ್ ಒಬ್ಬರ ಹತ್ರ ನಿಂತು ನೋಡಿದ್ವಿ. ಅಕ್ಷರ ಮುಟ್ಟೋ ಮೊದಲೇ ದಾರದಲ್ಲಿ ಮೂರು ಗೆರೆ ಹೊಡೆದ್ರು. ಮೂರನೇದು ಯಾಕಣ್ಣ ಅಂದ್ರೆ, “ಒತ್ತಿಗೆ ಜಾಗ ಬೇಡ್ವಾ?” ಅಂದ್ರು. ನಾವು ಟ್ಯುಟೋರಿಯಲ್‌ಗಳಲ್ಲಿ ಹುಡುಕ್ತಿದ್ದ ಪಾಠ ಅದೇ.

ಈಗ ಯಾವ ಪೋಸ್ಟರ್ ಶುರು ಮಾಡಿದ್ರೂ ಮೊದಲು ‘ರಾಷ್ಟ್ರ’ ಅಂತ ಟೈಪ್ ಮಾಡ್ತೀವಿ. ಎರಡು ಒತ್ತೂ ಪೂರ್ತಿ ಕಂಡ್ರೆ ಮಾತ್ರ ಮುಂದೆ. ಫೋಟೋ ಕ್ಯಾಮೆರಾದಿಂದಲೇ ತಗೋತೀವಿ, ಫಾರ್ವರ್ಡ್ ಬೇಡ. ಪ್ರಿಂಟಿಗೆ ಮುಂಚೆ ಎ4 ಹಾಳೆಯಲ್ಲಿ ತೆಗೆದು, ಡಿಸೈನ್ ಮಾಡದವರ ಕೈಲಿ ಗಟ್ಟಿಯಾಗಿ ಓದಿಸ್ತೀವಿ. ಓದೋ ಕೆಲಸ ಹೊಳಲ್ಕೆರೆಯವನದ್ದೇ. ತಾನೇ ಕೇಳಿ ತಗೊಂಡದ್ದು.