ಬಿಚ್ಚದ ಪೆಟ್ಟಿಗೆಗಳ ಊರು

ಡೆನ್ಮಾರ್ಕ್ ದೇಶದ ಜಟ್‌ಲೆಂಡ್ ಪರ್ಯಾಯ ದ್ವೀಪದ ನಡುವೆ, ಗಾಳಿಗೆ ತಡೆಯೇ ಇಲ್ಲದ ಬಯಲಿನಲ್ಲಿ, ಬಿಲ್ಲುಂಡ್ ಎಂಬುದೊಂದು ಸಣ್ಣ ಊರು. ಅಲ್ಲಿನ ನಿವಾಸಿಗಳ ಸಂಖ್ಯೆ ಏಳು ಸಾವಿರದ ಆಸುಪಾಸು. ಊರಿಗೆ ರೈಲಿಲ್ಲ; ರೈಲಿನಲ್ಲಿ ಬರುವವರು ವೈಲೆ ಎಂಬ ಪಟ್ಟಣದಲ್ಲಿಳಿದು ಬಸ್ಸು ಹಿಡಿಯಬೇಕು. ಆದರೆ ಇಷ್ಟು ಪುಟ್ಟ ಊರಿಗೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಅದೂ ರಾಜಧಾನಿ ಕೋಪನ್‌ಹೇಗನ್ನಿನದನ್ನು ಬಿಟ್ಟರೆ ದೇಶದಲ್ಲೇ ದೊಡ್ಡದು. ಈ ಸೋಜಿಗಕ್ಕೆ ಕಾರಣ ಗಣಿಯಲ್ಲ, ಬಂದರಲ್ಲ, ದೇವಾಲಯವೂ ಅಲ್ಲ. ಮಕ್ಕಳ ಆಟಿಕೆ! ಆಟಿಕೆಯ ಕಾರ್ಖಾನೆಯೊಂದು ತನ್ನ ಅನುಕೂಲಕ್ಕೆಂದು ಮಾಡಿಕೊಂಡ ವಿಮಾನದ ಬಯಲೇ 1964ರಲ್ಲಿ ಸಾರ್ವಜನಿಕ ನಿಲ್ದಾಣವಾಯಿತು.

ಈ ನಿಲ್ದಾಣದಲ್ಲಿ ಇಳಿಯುವವರನ್ನು ಗಮನಿಸಿದರೆ ಎರಡು ಬಗೆಯ ಜನ ಕಣ್ಣಿಗೆ ಬೀಳುತ್ತಾರೆ. ಮಕ್ಕಳ ಕೈ ಹಿಡಿದು ಬರುವವರು ಒಂದು ಬಗೆ. ಖಾಲಿ ಸೂಟ್‌ಕೇಸು ಹಿಡಿದು, ಮಕ್ಕಳಿಲ್ಲದೆ ಬರುವ ನಡುವಯಸ್ಸಿನವರು ಇನ್ನೊಂದು ಬಗೆ. ಮೊದಲಿನವರು ಆಡಲು ಬಂದವರು. ಎರಡನೆಯವರಲ್ಲಿ ಕೆಲವರು ಕೊಳ್ಳಲು ಬಂದವರು. ಕೊಂಡದ್ದನ್ನು ಬಿಚ್ಚದೆ, ಆಡದೆ, ಕೆಲವು ವರ್ಷ ಬಚ್ಚಿಟ್ಟು ಮಾರಲು ಬಂದವರು.

ಊರ ನಡುವಿನ ಹಳೆಯ ಬೀದಿಯಲ್ಲಿ, ಬಾಗಿಲ ಮುಂದೆ ಎರಡು ಸಿಂಹಗಳನ್ನು ಕೂರಿಸಿರುವ ಇಟ್ಟಿಗೆಯ ಮನೆಯೊಂದಿದೆ. ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1916ರಲ್ಲಿ ಇಲ್ಲಿನ ಮರಗೆಲಸದ ಅಂಗಡಿಯನ್ನು ಕೊಂಡನು. 1924ರಲ್ಲಿ ಅವನ ಇಬ್ಬರು ಗಂಡುಮಕ್ಕಳು ಆಟವಾಡುತ್ತ ಹತ್ತಿಸಿದ ಕಿಡಿ ಮರದ ಹೊಟ್ಟಿಗೆ ತಗುಲಿ ಅಂಗಡಿಯೂ ಮನೆಯೂ ಸುಟ್ಟು ಬೂದಿಯಾದವು. ಆಗ ಕಟ್ಟಿದ್ದು ಈ ಸಿಂಹದ ಮನೆ. ಜಗತ್ತನ್ನೇ ಕಂಗೆಡಿಸಿದ ಆರ್ಥಿಕ ಕುಸಿತದ ಕಾಲದಲ್ಲಿ ಮನೆ ಕಟ್ಟಿಸುವವರೂ ಪೀಠೋಪಕರಣ ಕೊಳ್ಳುವವರೂ ಇಲ್ಲವಾದರು. 1932ರಲ್ಲಿ ಹೆಂಡತಿ ತೀರಿಕೊಂಡಳು; ನಾಲ್ವರು ಗಂಡುಮಕ್ಕಳು ಉಳಿದರು. ಅದೇ ವರ್ಷ ಅವನು ಮರದ ಆಟಿಕೆ ಮಾಡಲು ಕುಳಿತನು. ಎರಡು ವರ್ಷದ ಬಳಿಕ ತನ್ನ ಸರಕಿಗೆ ‘ಲೆಗೊ’ ಎಂದು ಹೆಸರಿಟ್ಟನು. ಡೇನಿಷ್ ನುಡಿಯಲ್ಲಿ ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಮಾತುಗಳ ಮೊದಲಕ್ಷರಗಳಿಂದ ಹುಟ್ಟಿದ ಹೆಸರು ಅದು. ಅವನ ಆಟಿಕೆಗಳನ್ನು ಆಡದೆ ಇಡುವುದೇ ಮುಂದೊಂದು ದಿನ ಲಾಭದ ದಾರಿಯಾದೀತೆಂದು ಆ ಬಡಗಿ ಕನಸಿನಲ್ಲಿಯೂ ಎಣಿಸಿರಲಾರನು.

ಅವನನ್ನು ಕುರಿತು ಬಿಲ್ಲುಂಡಿನಲ್ಲಿ ಹೇಳುವ ಎರಡು ಕಥೆಗಳು ಇಲ್ಲಿ ನೆನೆಯತಕ್ಕವು. ಮಗ ಗಾಟ್‌ಫ್ರೆಡ್ ಒಂದು ದಿನ ಮರದ ಬಾತುಗಳಿಗೆ ಮೂರು ಸಲ ಬಳಿಯಬೇಕಾದ ವಾರ್ನಿಷನ್ನು ಎರಡೇ ಸಲ ಬಳಿದು, ಇಷ್ಟು ಉಳಿತಾಯ ಮಾಡಿದೆನೆಂದು ಹೆಮ್ಮೆಯಿಂದ ಹೇಳಿಕೊಂಡನು. ಪೆಟ್ಟಿಗೆಗಳು ಅದಾಗಲೇ ರೈಲು ನಿಲ್ದಾಣ ಸೇರಿದ್ದವು (ಆಗ ಊರಿಗೆ ರೈಲಿತ್ತು). ತಂದೆ ಅವನನ್ನು ಹೊಗಳಲಿಲ್ಲ; ಎಲ್ಲವನ್ನೂ ವಾಪಸು ತಂದು, ರಾತ್ರಿಯಾದರೂ ಸರಿ, ಒಬ್ಬನೇ ಕುಳಿತು ಮೂರನೆಯ ಸಲ ಬಳಿಯೆಂದನು. ಇನ್ನೊಂದು ಕಥೆ ಯೋ-ಯೋ ಎಂಬ ದಾರದ ಬಿಲ್ಲೆಯದು. 1930ರ ದಶಕದ ಮೊದಲಲ್ಲಿ ಆ ಆಟದ ಹುಚ್ಚು ಎಲ್ಲೆಡೆ ಹಬ್ಬಿತು; ಓಲೆ ಕಿರ್ಕನೂ ರಾಶಿರಾಶಿ ಮಾಡಿದನು. ಹುಚ್ಚು ಬಂದಷ್ಟೇ ಬೇಗ ಇಳಿಯಿತು, ರಾಶಿ ಮೂಲೆಯಲ್ಲಿ ಉಳಿಯಿತು. ಅವನು ತಲೆಯ ಮೇಲೆ ಕೈಹೊತ್ತು ಕೂರದೆ ಒಂದೊಂದು ಬಿಲ್ಲೆಯನ್ನೂ ಎರಡಾಗಿ ಸೀಳಿ ಆಟದ ಲಾರಿಗಳಿಗೆ ಚಕ್ರ ಮಾಡಿದನು. ಆಟಿಕೆಯ ಬೇಡಿಕೆಯೆಂಬುದು ಎಂಥ ಚಂಚಲೆ ಎಂಬುದನ್ನು ಬಿಲ್ಲುಂಡ್ ಹೀಗೆ ಮೊದಲೇ ಕಂಡಿತ್ತು.

ಯುದ್ಧಾನಂತರ ಪ್ಲಾಸ್ಟಿಕ್ ಅಚ್ಚಿನ ಯಂತ್ರ ಬಂದಿತು. 1949ರಲ್ಲಿ ಮೊದಲ ಇಟ್ಟಿಗೆಗಳು ಹೊರಬಿದ್ದವು. ಆದರೆ ಒಳಗೆ ಟೊಳ್ಳಾದ್ದರಿಂದ ಒಂದರ ಮೇಲೊಂದು ಭದ್ರವಾಗಿ ನಿಲ್ಲುತ್ತಿರಲಿಲ್ಲ. ಒಳಗಡೆ ಕೊಳವೆಗಳನ್ನಿಟ್ಟು ಆ ಕೊರತೆಯನ್ನು ನೀಗಿ, 1958ರ ಜನವರಿ 28ರಂದು ಗಾಟ್‌ಫ್ರೆಡ್ ಹಕ್ಕುಪತ್ರಕ್ಕೆ ಅರ್ಜಿ ಹಾಕಿದನು. ತಂದೆ ಅದೇ ವರ್ಷ ಕಾಲವಾದನು. ಅಂದಿನ ಇಟ್ಟಿಗೆ ಇಂದಿನ ಇಟ್ಟಿಗೆಯ ಮೇಲೆ ‘ಟಕ್’ ಎಂದು ಕೂರುತ್ತದೆ. ಮರುಮಾರಾಟದ ವ್ಯಾಪಾರಕ್ಕೆಲ್ಲ ಇದೇ ಬುನಾದಿಯೆನ್ನಬೇಕು. ಅರುವತ್ತು ವರ್ಷ ಹಳೆಯದಾದ ಯಂತ್ರ ಗುಜರಿಗೆ ಹೋಗುತ್ತದೆ, ಬಟ್ಟೆ ಚಿಂದಿಯಾಗುತ್ತದೆ. ಈ ಇಟ್ಟಿಗೆ ಮಾತ್ರ ಕೆಲಸಕ್ಕೆ ಬರುತ್ತಲೇ ಇರುತ್ತದೆ.

1968ರ ಜೂನ್ 7ರಂದು ತೆರೆದ ಲೆಗೊಲ್ಯಾಂಡ್ ಉದ್ಯಾನದ ವರ್ಣನೆ ಇಲ್ಲಿ ಬೇಡ. ಇಟ್ಟಿಗೆಯಲ್ಲಿ ಕಟ್ಟಿದ ಮೊಣಕಾಲೆತ್ತರದ ಪಟ್ಟಣಗಳನ್ನು ಚಿತ್ರಗಳಲ್ಲಿ ನೋಡದವರು ಕಡಿಮೆ. 2017ರ ಸೆಪ್ಟೆಂಬರಿನಲ್ಲಿ ಊರ ಮಧ್ಯದಲ್ಲಿ ತೆರೆದ ಲೆಗೊ ಹೌಸ್ ಎಂಬ ಭವನದತ್ತ ಹೋಗುವುದು ಒಳಿತು. ಡೇನಿಷ್ ವಾಸ್ತುಶಿಲ್ಪಿ ಬ್ಯಾರ್ಕ ಇಂಗೆಲ್ಸನ ಸಂಸ್ಥೆ ರೂಪಿಸಿದ ಈ ಭವನ, ಯಾವುದೋ ದೈತ್ಯಶಿಶು ಒಂದರ ಮೇಲೊಂದು ಪೇರಿಸಿಟ್ಟ 21 ಬಿಳಿಯ ಇಟ್ಟಿಗೆಗಳಂತೆ ತೋರುತ್ತದೆ. ನಡುವೆ ಅರುವತ್ತು ಲಕ್ಷಕ್ಕೂ ಮೀರಿದ ಇಟ್ಟಿಗೆಗಳಿಂದ ಕಟ್ಟಿದ ಮರವೊಂದು ಮೇಲಂತಸ್ತಿನವರೆಗೆ ಬೆಳೆದಿದೆ. ಮಕ್ಕಳು ಆ ಮರದ ಬುಡದಲ್ಲಿ ನಿಲ್ಲುತ್ತಾರೆ. ಖಾಲಿ ಸೂಟ್‌ಕೇಸಿನವರು ನೇರವಾಗಿ ಅಂಗಡಿಗೆ ನಡೆಯುತ್ತಾರೆ.

ಅದೇಕೆಂದರೆ, ಇಲ್ಲಿ ಮಾತ್ರ ಮಾರಾಟವಾಗುವ ಕೆಲವು ಸೆಟ್ಟುಗಳಿವೆ. 2020ರಲ್ಲಿ ಹೊರಬಂದ ಮರದ ಬಾತಿನ ಸೆಟ್ಟು ಅಂಥವುಗಳಲ್ಲಿ ಒಂದಾಗಿತ್ತು: ಓಲೆ ಕಿರ್ಕನ ಹಳೆಯ ಬಾತನ್ನು 621 ಪ್ಲಾಸ್ಟಿಕ್ ತುಂಡುಗಳಲ್ಲಿ ಕಟ್ಟುವಂಥದು. ಮಗ ಎರಡೇ ಸಲ ವಾರ್ನಿಷು ಬಳಿದು ಬೈಸಿಕೊಂಡ ಜಾತಿಯ ಬಾತು! ಜಗತ್ತಿನ ಬೇರಾವ ಅಂಗಡಿಯಲ್ಲೂ ದೊರೆಯದ ವಸ್ತು ಒಂದೇ ಊರಿನಲ್ಲಿ ಸಿಕ್ಕಿದರೆ, ಆ ಊರಿಗೆ ಬರಲಾರದವರು ಎಷ್ಟು ಹೆಚ್ಚು ತೆತ್ತಾರೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಸಾಮಾನ್ಯ ಸೆಟ್ಟುಗಳ ವ್ಯವಹಾರ ಬೇರೆ ಬಗೆಯದು. ಒಂದು ಸೆಟ್ಟು ಸಾಮಾನ್ಯವಾಗಿ ಒಂದೆರಡು ವರ್ಷ ಅಂಗಡಿಯಲ್ಲಿದ್ದು ಆಮೇಲೆ ತಯಾರಿಕೆಯಿಂದ ಹೊರಬೀಳುತ್ತದೆ. ವ್ಯಾಪಾರಿಗಳು ಇದನ್ನು ‘ನಿವೃತ್ತಿ’ ಎನ್ನುತ್ತಾರೆ. ಮನುಷ್ಯನಿಗೆ ನಿವೃತ್ತಿಯೊಂದಿಗೆ ಸಂಬಳ ಇಳಿಯುತ್ತದೆ. ಈ ಪೆಟ್ಟಿಗೆಗಳಿಗಾದರೋ ನಿವೃತ್ತಿಯ ಬಳಿಕವೇ ಯೌವನ. ಚತುರನಾದ ಹೂಡಿಕೆದಾರ ಸೆಟ್ಟು ಅಂಗಡಿಯಲ್ಲಿರುವಾಗಲೇ, ಸಾಧ್ಯವಾದರೆ ರಿಯಾಯಿತಿಯ ದಿನಗಳಲ್ಲಿ, ಒಂದರ ಬದಲು ನಾಲ್ಕು ಕೊಳ್ಳುತ್ತಾನೆ. ಮುದ್ರೆ ಒಡೆಯುವುದಿಲ್ಲ. ಬಿಸಿಲು, ತೇವ, ಇಲಿ ಇವು ತಾಗದ ಕೋಣೆಯಲ್ಲಿ ಒಟ್ಟುತ್ತಾನೆ. ಪೆಟ್ಟಿಗೆಯ ಮೂಲೆ ಕುಗ್ಗಿದರೆ ಬೆಲೆ ಕುಗ್ಗಿತು. ಒಳಗಿನ ವಸ್ತುವಿಗಿಂತ ಹೊರಗಿನ ರಟ್ಟಿಗೆ ಹೆಚ್ಚು ಉಪಚಾರ ನಡೆಯುವ ವ್ಯಾಪಾರವಿದು.

ಲಾಭ ನಿಜವೇ? ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸಿನ ಸಂಶೋಧಕಿಯರು 1987ರಿಂದ 2015ರವರೆಗಿನ 2,322 ಸೆಟ್ಟುಗಳ ಬೆಲೆಗಳನ್ನು ಪರಿಶೀಲಿಸಿ, ಸರಾಸರಿ ವರ್ಷಕ್ಕೆ ಶೇಕಡಾ 11ರಷ್ಟಾದರೂ ಗಳಿಕೆಯಿದೆಯೆಂದು ತೋರಿಸಿರುವರು. ಚಿನ್ನಕ್ಕಿಂತ ಮೇಲೆಂದು ಪತ್ರಿಕೆಗಳು ಅದನ್ನು ಕೊಂಡಾಡಿದವು. ಆದರೆ ಅದೇ ಲೆಕ್ಕದಲ್ಲಿ ಹೂಡಿದ್ದರ ಅರ್ಧ ಕಳೆದುಕೊಂಡ ಸೆಟ್ಟುಗಳೂ ಇವೆ. ನಿವೃತ್ತಿಯ ನಂತರ ಬೆಲೆಯೇರಲು ಎರಡು ಮೂರು ವರ್ಷ ಕಾಯಬೇಕೆಂಬುದೂ ಇದೆ. ಚಿನ್ನವನ್ನು ಸಂದೂಕದ ಮೂಲೆಯಲ್ಲಿ ಇಡಬಹುದು. ನೂರು ಲೆಗೊ ಪೆಟ್ಟಿಗೆಗಳಿಗೆ ಒಂದು ಕೋಣೆ ಬೇಕು, ಕೋಣೆಗೆ ಬಾಡಿಗೆ ಬೇಕು. ಮಾರುವಾಗ ಕಟ್ಟುವ ಕೂಲಿ, ಸಾಗಿಸುವ ಖರ್ಚು, ದಲ್ಲಾಳಿಯ ಪಾಲು. ಸರಾಸರಿಯೆಂಬ ಮಾತನ್ನು ನಂಬಿ ಹೊಳೆಗಿಳಿದವನು ಆಳವಿರುವ ಕಡೆಯೇ ಕಾಲಿಟ್ಟರೆ ಗತಿಯೇನು?

2017ನೆಯ ಇಸವಿಯಲ್ಲಿ ಹಲವರಿಗೆ ಆದದ್ದು ಇದೇ. 2008ರಲ್ಲಿ ಲೆಗೊ ಸಂಸ್ಥೆ ನಮ್ಮ ತಾಜಮಹಲಿನ ಸೆಟ್ಟನ್ನು ಹೊರತಂದಿತ್ತು. 5,922 ತುಂಡುಗಳು, ಅಮೆರಿಕದಲ್ಲಿ ಬೆಲೆ 300 ಡಾಲರು. ಕಟ್ಟಿ ಮುಗಿಸಿದರೆ ಒಂದೂಕಾಲು ಅಡಿಗೂ ಮೀರಿದ ಬಿಳಿಯ ಗುಮ್ಮಟ. ಅಂದಿಗೆ ಅದಕ್ಕಿಂತ ಹೆಚ್ಚು ತುಂಡುಗಳ ಸೆಟ್ಟು ಇನ್ನೊಂದಿರಲಿಲ್ಲ. ತಯಾರಿಕೆ ನಿಂತ ಮೇಲೆ ಮುದ್ರೆಯೊಡೆಯದ ಪೆಟ್ಟಿಗೆಯ ಬೆಲೆ ಏರುತ್ತ ಏರುತ್ತ ಎರಡು ಸಾವಿರ ಡಾಲರನ್ನೂ ದಾಟಿತು. ಒಂದು ತಾಜಮಹಲನ್ನು ಮಾರಿ ಮಗನ ಕಾಲೇಜಿನ ಶುಲ್ಕ ಕಟ್ಟಬಹುದೆಂಬ ಮಾತು ಹೂಡಿಕೆದಾರರ ನಡುವೆ ಬರಿಯ ಹಾಸ್ಯವಾಗಿ ಉಳಿಯಲಿಲ್ಲ. 2007ರ ‘ಮಿಲೆನಿಯಂ ಫಾಲ್ಕನ್’ ಎಂಬ ನಕ್ಷತ್ರನೌಕೆಯದೂ ಇದೇ ಕಥೆ. 500 ಡಾಲರಿನ ಸೆಟ್ಟು ಮೂರು ಸಾವಿರವನ್ನು ಮೀರಿ ನಡೆದಿತ್ತು.

2017ರ ಶರತ್ಕಾಲದಲ್ಲಿ ಬಿಲ್ಲುಂಡಿನಿಂದ ಎರಡು ಸಿಡಿಲುಗಳು ಬಂದವು. ಮೊದಲು 7,541 ತುಂಡುಗಳ ಹೊಸ ಫಾಲ್ಕನ್, 800 ಡಾಲರಿಗೆ. ಅದಾದ ಕೆಲವೇ ವಾರಗಳಲ್ಲಿ ತಾಜಮಹಲು ಮರಳಿ ಬಂತು. ಹಳೆಯದೇ ವಿನ್ಯಾಸ, 5,923 ತುಂಡುಗಳು, 370 ಡಾಲರು. ಹಳೆಯದಕ್ಕೂ ಹೊಸದಕ್ಕೂ ಒಂದೇ ಒಂದು ತುಂಡಿನ ಅಂತರ! ಸಾವಿರಾರು ಡಾಲರಿಗೆ ಕಾದು ಕುಳಿತ ಪೆಟ್ಟಿಗೆಗಳ ಬೆಲೆ ಕಣ್ಣೆದುರೇ ಇಳಿಯಿತು. ಮೊದಲ ಮುದ್ರಣದ ಪುಸ್ತಕಕ್ಕೆ ಬೆಲೆ ಕಟ್ಟುವ ಸಂಗ್ರಾಹಕರು ಇದ್ದೇ ಇರುವುದರಿಂದ ಅವು ಮಣ್ಣುಪಾಲಾಗಲಿಲ್ಲ, ನಿಜ. ಆದರೆ ಕೊನೆಯ ವರ್ಷದಲ್ಲಿ ಶಿಖರದ ಬೆಲೆ ತೆತ್ತು ಕೊಂಡವನು ಯಾರಿಗೆ ದೂರಬೇಕು? ಸಂಸ್ಥೆ ಅವನಿಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಆಟವಾಡಬೇಕೆಂದು ಒಂಬತ್ತು ವರ್ಷದಿಂದ ಆಸೆಪಟ್ಟು, ಎರಡು ಸಾವಿರ ಡಾಲರು ಹೊಂದಿಸಲಾರದೆ ಸುಮ್ಮನಿದ್ದವನಿಗೆ ಅದೇ ಸುದ್ದಿ ಹಬ್ಬವಾಯಿತು. ಇಲ್ಲಿ ಒಬ್ಬನ ನಷ್ಟ ಇನ್ನೊಬ್ಬನ ಮನೆಯ ಮೇಜಿನ ಮೇಲೆ ಗುಮ್ಮಟವಾಗಿ ಎದ್ದಿತೆಂದರೆ ತಪ್ಪಾಗದು. ಹೂಡಿಕೆದಾರನ ಬಗೆಗೆ ಮರುಕವಿದ್ದರೂ ನ್ಯಾಯ ಕಟ್ಟುವವನ ಕಡೆಗೇ ವಾಲುತ್ತದೆ.

ಬೆಲೆಯಿರುವಲ್ಲಿ ಕಳ್ಳನೂ ಇರುತ್ತಾನೆ. ಲೆಗೊ ಸೆಟ್ಟುಗಳನ್ನೇ ಗುರಿಯಾಗಿಟ್ಟುಕೊಂಡು ದೇಶದಿಂದ ದೇಶಕ್ಕೆ ಸಂಚರಿಸುವ ಕಳ್ಳರ ತಂಡದ ಜಾಡು ಹಿಡಿದಿರುವುದಾಗಿ 2021ರಲ್ಲಿ ಫ್ರಾನ್ಸಿನ ಪೊಲೀಸರು ತಿಳಿಸಿದರು. ನಕಲಿಗಳ ಹಾವಳಿ ಇನ್ನೊಂದು ಕಡೆ. ಚೀನಾದ ಲೆಪಿನ್ ಎಂಬ ಹೆಸರಿನ ಇಟ್ಟಿಗೆಗಳು ಅಗ್ಗದ ಬೆಲೆಗೆ ಪೇಟೆ ತುಂಬಿದ್ದವು. 2019ರಲ್ಲಿ ಅಲ್ಲಿನ ಪೊಲೀಸರು ಆ ಕಾರ್ಖಾನೆಯ ಮೇಲೆ ದಾಳಿ ನಡೆಸಿದರು. ಅದೇ ವರ್ಷ ಲೆಗೊ ಸಂಸ್ಥೆ, ಹಳೆಯ ಇಟ್ಟಿಗೆ ಮತ್ತು ಸೆಟ್ಟುಗಳು ಕೈಬದಲಾಗುವ ಬ್ರಿಕ್‌ಲಿಂಕ್ ಎಂಬ ಮಾರುಕಟ್ಟೆಯನ್ನೇ ಕೊಂಡುಕೊಂಡಿತು. ತಯಾರಿಸುವವನೇ ಮರುಮಾರಾಟದ ಸಂತೆಗೂ ಯಜಮಾನನಾದದ್ದು ಒಳಿತೋ ಕೆಡುಕೋ ಎಂಬ ಚರ್ಚೆ ಸಂಗ್ರಾಹಕರಲ್ಲಿ ಎದ್ದಿತು.

ಆದರೆ ಬಿಚ್ಚದ ಪೆಟ್ಟಿಗೆಯ ಮೋಹಕ್ಕೆ ಹೊರಗಿನವರನ್ನಷ್ಟೇ ದೂರುವಂತಿಲ್ಲ. ಬಿಲ್ಲುಂಡಿನಲ್ಲಿಯೇ, ಸಂಸ್ಥೆಯ ಚರಿತ್ರೆಯನ್ನು ಕಾಯ್ದಿಟ್ಟಿರುವ ಕಟ್ಟಡದ ನೆಲಮಾಳಿಗೆಯಲ್ಲಿ, ದಶಕದಿಂದ ದಶಕಕ್ಕೆ ಹೊರಬಂದ ಸಾವಿರಾರು ಸೆಟ್ಟುಗಳನ್ನು ಅವವುಗಳ ಪೆಟ್ಟಿಗೆಯಲ್ಲಿಯೇ ಇರಿಸಿರುವರು. ಸರಿಸಿ ತೆರೆಯುವ ಕಪಾಟುಗಳ ಸಾಲಿನಲ್ಲಿ ಪೆಟ್ಟಿಗೆಗಳು ವರ್ಷವಾರು ನಿಂತಿವೆ. ಅಲ್ಲಿಗೆ ಕರೆದೊಯ್ದ ಅತಿಥಿಗಳು ತಾವು ಎಂಟೊಂಬತ್ತು ವಯಸ್ಸಿನಲ್ಲಿ ಆಡಿದ ಸೆಟ್ಟು ಕಂಡಾಗ ಮಾತು ನಿಲ್ಲಿಸುವುದುಂಟು. ಅವರ ಮನೆಯಲ್ಲಿದ್ದದ್ದು ಎಂದೋ ಕಳೆದುಹೋಗಿರುತ್ತದೆ: ತುಂಡುಗಳು ಸೋಫಾದ ಸಂದಿಗೆ, ರಟ್ಟು ಒಲೆಗೆ. ಹಾಗೆ ಎಲ್ಲರೂ ಬಿಚ್ಚಿ, ಆಡಿ, ಕಳೆದದ್ದರಿಂದಲೇ ಉಳಿದ ಒಂದಕ್ಕೆ ಬೆಲೆ ಬಂದದ್ದು. ಇಂದು ಪ್ರತಿಯೊಬ್ಬನೂ ನಾಲ್ಕು ಕೊಂಡು ನಾಲ್ಕನ್ನೂ ಬಚ್ಚಿಟ್ಟರೆ ಹತ್ತು ವರ್ಷದ ಬಳಿಕ ಕೊಳ್ಳುವವನು ಯಾರು? ಚುರುಕಾದ ವ್ಯಾಪಾರಿಗಳನ್ನು ಈ ಪ್ರಶ್ನೆ ಈಗೀಗ ಕಾಡತೊಡಗಿದೆ.

ಲೆಗೊ ಹೌಸಿನಲ್ಲಿ ಸಂದರ್ಶಕರ ಕಣ್ಣೆದುರೇ ಇಟ್ಟಿಗೆ ಅಚ್ಚು ಹಾಕುವ ಯಂತ್ರವೊಂದಿದೆ. ಅದರಿಂದ ಹೊರಬಿದ್ದ ಆರು ಕೆಂಪು ಇಟ್ಟಿಗೆಗಳ ಪೊಟ್ಟಣವೊಂದನ್ನು ಬಂದವರಿಗೆಲ್ಲ ಪುಕ್ಕಟೆಯಾಗಿ ಕೊಡುವರು. ಎಂಟು ಮೊಟಕುಗಳ ಆ ಆರು ಇಟ್ಟಿಗೆಗಳನ್ನು 91,51,03,765 ಬಗೆಗಳಲ್ಲಿ ಜೋಡಿಸಬಹುದು. ಅವುಗಳಲ್ಲಿ ಒಂದು ಬಗೆಯನ್ನು ಆಯಾ ಸಂದರ್ಶಕನ ಪಾಲಿಗೆಂದು ಚೀಟಿಯಲ್ಲಿ ಅಚ್ಚುಮಾಡಿಕೊಡುವರು. ಈ ಪುಕ್ಕಟೆ ಪೊಟ್ಟಣವೂ ಮರುಮಾರಾಟದ ಪೇಟೆಯನ್ನು ಸೇರಿದೆ. ಪೊಟ್ಟಣ ಕೈಗೆ ಬಂದೊಡನೆ ಮಕ್ಕಳು ಅಲ್ಲಿಯೇ ಹಲ್ಲಿನಿಂದ ಕಚ್ಚಿ ಹರಿಯುತ್ತಾರೆ. ಖಾಲಿ ಸೂಟ್‌ಕೇಸಿನವರು ಅದನ್ನು ಮಡಿಕೆ ಬೀಳದಂತೆ ಅಂಗಿಗಳ ನಡುವೆ ಇಟ್ಟು, ಕೊಂಡ ಪೆಟ್ಟಿಗೆಗಳಿಗೆ ಸುತ್ತಲೂ ಟವೆಲು ಸುತ್ತಿ, ಸಂಜೆಯ ವಿಮಾನಕ್ಕೆ ಹೊರಡುತ್ತಾರೆ.