ಹೆಸರೊಂದೇ, ನೆಲ ಬೇರೆ
ಎಪ್ಪಿಂಗ್ ಸಿಡ್ನಿಯಲ್ಲೂ ಉಂಟು, ಮೆಲ್ಬರ್ನಿನಲ್ಲೂ ಉಂಟು. ಹೆಸರೊಂದೇ, ನೆಲ ಬೇರೆ. ತಂತ್ರಾಂಶಕ್ಕೂ ಈ ಮಾತು ಸಲ್ಲುತ್ತದೆ.

2020ರಲ್ಲಿ ವಿಎಂವೇರ್ ತನ್ನ ಇಎಸ್‌ಎಕ್ಸ್‌ಐಯನ್ನು ಆರ್ಮ್ ಪ್ರೊಸೆಸರ್‌ಗಳಿಗೂ ಪ್ರಾಯೋಗಿಕವಾಗಿ ಒದಗಿಸಿತು. ನಮ್ಮ ಮನೆಯ 8 ಗಿಗಾಬೈಟ್ ಮೆಮೊರಿಯ ಪುಟ್ಟ ರಾಸ್‌ಬೆರಿ ಪೈಯೊಳಗೆ ಎರಡು ಲಿನಕ್ಸ್ ಸರ್ವರ್‌ಗಳು ನೆಮ್ಮದಿಯಾಗಿ ನೆಲೆಸಿದವು. ಆದರೆ ತಂದೆಯವರು ‘ನುಡಿ’ಯಲ್ಲಿ ಬೆರಳಚ್ಚಿಸಿದ ಪತ್ರಗಳಿದ್ದ ಹಳೆಯ ವಿಂಡೋಸ್ ಮಾತ್ರ ಅಲ್ಲಿ ನಡೆಯದು. ವರ್ಚುವಲೈಸೇಷನ್ ಒಂದು ಯಂತ್ರವನ್ನು ಹಲವರಿಗೆ ಹಂಚಬಲ್ಲದು. ಇಂಟೆಲ್‌ನ ಆಜ್ಞೆಗಳನ್ನು ಆರ್ಮ್‌ನ ಭಾಷೆಗೆ ಅನುವಾದಿಸಲಾರದು. ಆ ಕೆಲಸ ಕ್ಯೂಇಎಂಯು ತಂತ್ರಾಂಶದ್ದು. ಅನುವಾದದ ಹೊರೆಯಿಂದ ವೇಗ ಬಹಳ ಕುಗ್ಗುತ್ತದೆ. ಆ ನಿಧಾನದಲ್ಲೇ ಪತ್ರಗಳನ್ನೆಲ್ಲ ತೆರೆದು ಯೂನಿಕೋಡ್‌ಗೆ ಪರಿವರ್ತಿಸಿದೆ. ಈಗ ಅಜ್ಜನ ಅಕ್ಷರಗಳು ಮಕ್ಕಳ ಫೋನಿನಲ್ಲೂ ಮೂಡುತ್ತವೆ.

ನಿಮ್ಮಲ್ಲಿಯೂ ಅಂಥ ಕಡತಗಳಿದ್ದರೆ, ಹಳೆಯ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿರುವಾಗಲೇ ಪರಿವರ್ತಿಸಿಕೊಳ್ಳಿ.