ಕೇಳಿಸದ ಷಡ್ಜ



ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ರೇಡಿಯೋ ಪೆಟ್ಟಿಗೆಯೊಂದು ಧೂಳು ಹೊದ್ದು ಕುಳಿತಿದ್ದರೆ, ಅದನ್ನು ಗುಜರಿಯವನ ತಕ್ಕಡಿಗೆ ಏರಿಸುವ ಮುನ್ನ ಒಂದು ಕ್ಷಣ ತಡೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಊರೂರು ತಿರುಗುವ ಕೆಲಸದ ನಡುವೆ ನನಗೆ ಅಂಟಿಕೊಂಡ ಹವ್ಯಾಸಗಳು ಎರಡು. ಒಂದು, ಹಳೆಯ ಧ್ವನಿವರ್ಧಕಗಳನ್ನು ಹುಡುಕಿ ತಂದು ಮತ್ತೆ ಮಾತನಾಡಿಸುವುದು. ಇನ್ನೊಂದು, ವೈಜ್ಞಾನಿಕ ಕಾದಂಬರಿಗಳನ್ನು ಓದುವುದು. ಅಂದರೆ ಇನ್ನೂ ಬಾರದ ಕಾಲದ, ಯಾರೂ ಕಾಣದ ಲೋಕಗಳ ಕತೆಗಳನ್ನು. "ಒಂದು ಹಿಂದಕ್ಕ ಎಳಿತೈತಿ, ಇನ್ನೊಂದು ಮುಂದಕ್ಕ ಎಳಿತೈತಿ. ನಡುವ ನೀವು ಹೆಂಗ ನಿಲ್ತೀರಿ ಫಾದರ್?" ಎಂದು ಧರ್ಮಕೇಂದ್ರದ ಹಿರಿಯರೊಬ್ಬರು ನಗೆಯಾಡಿದ್ದರು. ಅವರಿಗೆ ಅಂದು ಕೊಡಲಾಗದಷ್ಟು ಉದ್ದದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇನೆ.

ಮೊದಲು ವಸ್ತುವಿನ ಮಾತು. ಸವಣೂರಿನ ಗುಜರಿ ಅಂಗಡಿಯೊಂದರಲ್ಲಿ ತಾಮ್ರದ ತಂತಿ, ಒಡೆದ ಪಂಪ್‌ಸೆಟ್ಟುಗಳ ರಾಶಿಯ ನಡುವೆ ನನಗೆ ಐದಂಗುಲದ ಒಂದು ಸ್ಪೀಕರ್ ದೊರೆಯಿತು. ಕಾಗದದ ಶಂಕು, ಬಟ್ಟೆಯ ಅಂಚು, ಬೆನ್ನಿಗೆ ಸಣ್ಣದೊಂದು ಲೋಹದ ಗುಬುಟು. ಆ ಗುಬುಟೇ ಅದರ ಜೀವ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಕಬ್ಬಿಣದೊಡನೆ ಬೆರೆತ ಅಲ್ನಿಕೊ ಎಂಬ ಅಯಸ್ಕಾಂತವದು. ಕೋಬಾಲ್ಟಿನ ಬಹುಭಾಗ ಬರುತ್ತಿದ್ದುದು ಆಫ್ರಿಕಾದ ಜೈರ್ ದೇಶದಿಂದ, ಅಂದರೆ ಇಂದಿನ ಕಾಂಗೋದಿಂದ. 1978ರಲ್ಲಿ ಅಲ್ಲಿ ಕಾಳಗ ನಡೆದು ಕೋಬಾಲ್ಟಿನ ಬೆಲೆ ಗಗನಕ್ಕೇರಿತು. ಲೋಕದ ಸ್ಪೀಕರ್ ತಯಾರಕರು ಬಹುಪಾಲು ಅಗ್ಗದ ಫೆರೈಟ್ ಅಯಸ್ಕಾಂತಕ್ಕೆ ತಿರುಗಿದರು. ಎಲ್ಲಿಯೋ ನಡೆದ ಯುದ್ಧದ ಗುರುತು ಸವಣೂರಿನ ಗುಜರಿಯಲ್ಲಿ ಕೈಗೆ ಸಿಗುತ್ತದೆ.

ಹಳೆಯ ಸ್ಪೀಕರ್ ಬದುಕಿದೆಯೇ ಎಂದು ತಿಳಿಯಲು ದೊಡ್ಡ ಉಪಕರಣವೇನೂ ಬೇಡ. ಒಂದೂವರೆ ವೋಲ್ಟಿನ ಬ್ಯಾಟರಿ ಸೆಲ್ಲನ್ನು ಅದರ ಎರಡು ತುದಿಗಳಿಗೆ ಒಮ್ಮೆ ತಾಗಿಸಿದರೆ ಸಾಕು, 'ಟಕ್' ಎಂದು ಉಸಿರು ಬಿಡುತ್ತದೆ. ಬಳಿಕ ಬೆರಳುಗಳಿಂದ ಶಂಕುವನ್ನು ಮೆಲ್ಲಗೆ ಒತ್ತಿ ಕಿವಿಗೊಡಬೇಕು. ಕರಕರ ಎಂದರೆ ಒಳಗಿನ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆ ಎಂದರ್ಥ. ಹರಿದ ಕಾಗದಕ್ಕೆ ತೆಳುವಾದ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಅಂಟಿನಿಂದ ಹಚ್ಚಬೇಕು. ಅಂಟು ಹೆಚ್ಚಾದರೆ ಶಂಕು ಭಾರವಾಗಿ ದನಿ ಮಂಕಾಗುತ್ತದೆ. ಈ ವಿದ್ಯೆಯನ್ನು ನನಗೆ ಕಲಿಸಿದವರು ಹಾನಗಲ್ಲಿನ ಒಬ್ಬ ರೇಡಿಯೋ ದುರಸ್ತಿಗಾರರು. ವಾಲ್ವ್ ರೇಡಿಯೋದ ಬೆನ್ನಿನ ಹಲಗೆ ಬಿಚ್ಚುವಾಗ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಲು ಹೇಳಿದವರೂ ಅವರೇ. ಒಳಗೆ ಇನ್ನೂರೈವತ್ತು ವೋಲ್ಟಿನಷ್ಟು ವಿದ್ಯುತ್ತು ಓಡುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಮನೆಯಲ್ಲಿ ಮಕ್ಕಳಿದ್ದವರು ಇದನ್ನು ಮರೆಯಬಾರದು.

ಇನ್ನು ಕತೆಗಳ ಮಾತು. ರೇಡಿಯೋಗೂ ಭವಿಷ್ಯದ ಕತೆಗೂ ಇರುವ ನಂಟು ನಾನು ಕಟ್ಟಿದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಆಚಾರ್ಯ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿ ತೋರಿಸಿದರು. ಅದರ ಮರುವರ್ಷವೇ, 1896ರಲ್ಲಿ, ಅವರು ಬಂಗಾಳಿಯಲ್ಲಿ ಒಂದು ಕತೆ ಬರೆದರು. ಕಲ್ಕತ್ತೆಯ ಮೇಲೆ ಎರಗಬೇಕಾಗಿದ್ದ ಚಂಡಮಾರುತ ಒಂದು ಬಾಟಲಿ ತಲೆಎಣ್ಣೆಯಿಂದ ಶಾಂತವಾಗುವ ಕತೆಯದು! ಕೂದಲೆಣ್ಣೆಯ ವ್ಯಾಪಾರಿಯೊಬ್ಬರು ಏರ್ಪಡಿಸಿದ್ದ ಸ್ಪರ್ಧೆಗಾಗಿ ಬರೆದದ್ದೆಂಬುದನ್ನು ನೆನೆದರೆ ನಗು ಬರುತ್ತದೆ. ಆದರೂ ಭಾರತೀಯ ಭಾಷೆಗಳ ವೈಜ್ಞಾನಿಕ ಕತೆಗಳಲ್ಲಿ ಅದು ಅತ್ಯಂತ ಹಳೆಯವುಗಳಲ್ಲೊಂದು. ಅಮೆರಿಕದಲ್ಲಿ ವೈಜ್ಞಾನಿಕ ಕತೆಗಳಿಗಾಗಿಯೇ ಮೀಸಲಾದ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯನ್ನು 1926ರ ಏಪ್ರಿಲಿನಲ್ಲಿ ಆರಂಭಿಸಿದ ಹ್ಯೂಗೋ ಗರ್ನ್ಸ್‌ಬ್ಯಾಕ್ ಮೂಲತಃ ರೇಡಿಯೋ ಬಿಡಿಭಾಗಗಳನ್ನು ಮಾರುತ್ತಿದ್ದವನು. ಗ್ರಾಹಕರಿಗಾಗಿ ಪತ್ರಿಕೆ, ಪತ್ರಿಕೆಯ ಓದುಗರಿಗಾಗಿ ಕತೆ, ಹೀಗೆ ಬೆಳೆದು ಬಂತು ಅವನ ಅಂಗಡಿ.

ಮೂರನೆಯವರು ಆರ್ಥರ್ ಸಿ. ಕ್ಲಾರ್ಕ್. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವನ್ನು ನಿಲ್ಲಿಸಿದರೆ ಅದು ಆಕಾಶದಲ್ಲಿ ಒಂದೇ ಕಡೆ ಇರುವಂತೆ ತೋರುತ್ತದೆ, ಅಂಥ ಮೂರು ಉಪಗ್ರಹಗಳಿಂದ ಇಡೀ ಲೋಕಕ್ಕೆ ದನಿ ಮುಟ್ಟಿಸಬಹುದು ಎಂದು ಅವರು 1945ರ ಅಕ್ಟೋಬರಿನಲ್ಲಿ ಬರೆದರು. ಬರೆದದ್ದು ಎಲ್ಲಿ ಎನ್ನುವಿರಿ? 'ವೈರ್‌ಲೆಸ್ ವರ್ಲ್ಡ್' ಎಂಬ ರೇಡಿಯೋ ಆಸಕ್ತರ ಮಾಸಿಕದಲ್ಲಿ, ನನ್ನಂತೆ ಬೆಸುಗೆ ಕಡ್ಡಿ ಹಿಡಿದು ಬೆರಳು ಸುಟ್ಟುಕೊಳ್ಳುವವರು ಓದುವ ಪತ್ರಿಕೆಯಲ್ಲಿ. 1956ರಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಅವರು ನೆಲೆಸಿದ್ದು ಶ್ರೀಲಂಕೆಯಲ್ಲಿ. ಅದೇ ದ್ವೀಪದ ರೇಡಿಯೋ ಸಿಲೋನಿನಿಂದ ಹೊರಟ ಹಾಡುಗಳಿಗೆ ನಮ್ಮ ಹಿರಿಯರು ಬುಧವಾರ ರಾತ್ರಿ ಕಾದಿರುತ್ತಿದ್ದರಲ್ಲವೇ? 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮ ತಲುಪಿಸುವ ಪ್ರಯೋಗ ನಡೆದಾಗ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದವು. ಅದನ್ನು ನೋಡಲು ಭಾರತದ ಬಾಹ್ಯಾಕಾಶ ಸಂಸ್ಥೆ ಕ್ಲಾರ್ಕರ ಕೊಲಂಬೋ ಮನೆಯಲ್ಲೂ ಒಂದು ಡಿಶ್ ಕೂಡಿಸಿಕೊಟ್ಟಿತು. ತಾನು ಊಹಿಸಿದ್ದನ್ನು ಮನೆಯಲ್ಲೇ ಕುಳಿತು ನೋಡುವ ಭಾಗ್ಯ ಎಷ್ಟು ಲೇಖಕರಿಗೆ ಉಂಟು!

ಕನ್ನಡದಲ್ಲಿ ಧಾರವಾಡದ ರಾಜಶೇಖರ ಭೂಸನೂರಮಠರು, 'ಮಹಾಸಂಪರ್ಕ' ಬರೆದ ಮನು ಮೊದಲಾದವರು ಈ ದಾರಿಯಲ್ಲಿ ನಡೆದಿದ್ದಾರೆ. ಆದರೂ ಇಂಥ ಕತೆಗಳು ನಮಗೆ ಪರಕೀಯ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಾನು ಅದನ್ನು ಒಪ್ಪಲಾರೆ. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು ಸಣ್ಣದು ದೊಡ್ಡದನ್ನು ನುಂಗುವ ತಲೆಕೆಳಗಾದ ಲೋಕವನ್ನು ಹಾಡಿದರು. ಹಿರೇಕೆರೂರಿನಿಂದ ತುಸು ದೂರದ ಬಳ್ಳಿಗಾವೆಯ ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ಓದಿದವರಿಗೆ ಯಾವ ಅನ್ಯಗ್ರಹದ ಕತೆಯೂ ವಿಚಿತ್ರವೆನಿಸದು. ಶರೀಫರ ಪದಗಳಂತೂ ಸಿ. ಅಶ್ವತ್ಥರ ಕಂಠದಲ್ಲಿ, 1990ರ ಚಲನಚಿತ್ರದ ಬಳಿಕ ಇನ್ನೂ ಹೆಚ್ಚಾಗಿ, ಶಿಗ್ಗಾವಿಯ ಚಹಾದಂಗಡಿಗಳ ಟೇಪ್‌ರೆಕಾರ್ಡರುಗಳಲ್ಲಿ ಮೊಳಗಿದವು. ಬಸ್ಸಿಗೆ ಕಾಯುವವರು ಅರ್ಥ ಬಿಡಿಸಲಾರದೆ, ಬಿಡಲೂ ಆರದೆ ತಲೆದೂಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಈಗ ನನ್ನ ಉತ್ತರದ ಮುಖ್ಯ ಭಾಗಕ್ಕೆ ಬರುತ್ತೇನೆ. ದುರಸ್ತಿಯಾದ ಪ್ರತಿ ಸ್ಪೀಕರನ್ನೂ ನಾನು ಒಂದೇ ದನಿಯಿಂದ ಪರೀಕ್ಷಿಸುತ್ತೇನೆ. ಅದು ಗಂಗೂಬಾಯಿ ಹಾನಗಲ್ಲರ ದನಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿ 2009ರಲ್ಲಿ ತೀರಿಕೊಂಡ ಆ ತಾಯಿ, ಮನೆತನದ ಮೂಲಕ ಈ ಊರಿನ ಹೆಸರನ್ನು ಲೋಕಕ್ಕೆಲ್ಲ ಕೊಂಡೊಯ್ದರು. 1930ರ ದಶಕದ ಅವರ ಮೊದಲ ಮುದ್ರಿಕೆಗಳಲ್ಲಿ ದನಿ ತೆಳು. ಹೆಸರೂ 'ಗಾಂಧಾರಿ' ಎಂದು ಬೇರೆ. ಗಂಟಲಿನ ಚಿಕಿತ್ಸೆಯ ಬಳಿಕ ಅದು ಆಳಕ್ಕಿಳಿದು, ಗಂಡೋ ಹೆಣ್ಣೋ ಎಂದು ಅಪರಿಚಿತರು ಬೆರಗಾಗುವಂತಾಯಿತು. ಕಳೆದುಹೋದ ಕಂಠಕ್ಕಾಗಿ ಕೊರಗದೆ, ಉಳಿದ ಕಂಠದಲ್ಲೇ ಅವರು ಕಿರಾಣಾ ಘರಾಣೆಯ ಗಾಯನವನ್ನು ಕಟ್ಟಿದರು.

ಆ ಗಾಯನದ ಹಿಂದೆ ಮಿಡಿಯುವ ತಂಬೂರಿಯ ಮಂದ್ರ ಷಡ್ಜವನ್ನು ಗಮನಿಸಿರಿ. ತಂತಿ ಸೆಕೆಂಡಿಗೆ ನೂರು ಬಾರಿ ಕಂಪಿಸುತ್ತದೆ ಎಂದಿಟ್ಟುಕೊಳ್ಳೋಣ. ಅದರೊಡನೆ ಇನ್ನೂರು, ಮುನ್ನೂರು, ನಾನೂರರ ಉಪಸ್ವರಗಳೂ ಹೊಮ್ಮುತ್ತವೆ. ಐದಂಗುಲದ ನನ್ನ ಸ್ಪೀಕರಿಗೆ ಆ ನೂರರ ಕಂಪನವನ್ನು ಹೊರಡಿಸುವ ಶಕ್ತಿ ಇಲ್ಲವೆಂದೇ ಹೇಳಬೇಕು. ಹಾಗಿದ್ದೂ ಷಡ್ಜ ನಮಗೆ ಕೇಳಿಸುತ್ತದೆ! ಮೇಲಿನ ಸ್ವರಗಳ ನಡುವಿನ ಅಂತರ ನೂರು ಎಂಬುದನ್ನು ಹಿಡಿದು, ಪೆಟ್ಟಿಗೆಯಿಂದ ಹೊರಡದೇ ಇರುವ ಸ್ವರವನ್ನು ನಮ್ಮ ಮಿದುಳೇ ತುಂಬಿಕೊಡುತ್ತದೆ. ಇದು ವಿಜ್ಞಾನಿಗಳು ಚೆನ್ನಾಗಿ ಪರೀಕ್ಷಿಸಿ ಕಂಡ ಸಂಗತಿ. ಹಾಡಿನ ತಳಪಾಯ ಕೇಳುಗನೊಳಗೇ ಕಟ್ಟಲ್ಪಡುತ್ತದೆ ಎಂದಾಯಿತು. ಇದೇ ಹಾನಗಲ್ಲ ತಾಲೂಕಿನ ಹಳ್ಳಿಗಳಲ್ಲಿ ಹುಟ್ಟಿದ, ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಇಂಥ ಕೇಳುವಿಕೆಯಿಂದಲೇ ಲೋಕ ಕಟ್ಟಿಕೊಟ್ಟರು.

ಒಳ್ಳೆಯ ಕಾಲ್ಪನಿಕ ಕತೆಯೂ ಹೀಗೆಯೇ ನಡೆಯುತ್ತದೆ. ಗುರುಮಠದ ಗ್ರಂಥಾಲಯದಲ್ಲಿ ನಾನು ಓದಿದ ಕ್ಲಾರ್ಕರ 'ದಿ ಸ್ಟಾರ್' ಎಂಬ 1955ರ ಕತೆಯನ್ನು ಹೇಳುವವನು ಒಬ್ಬ ಯೇಸುಸಭೆಯ ಗುರು, ಖಗೋಳವಿಜ್ಞಾನಿ. ಸಿಡಿದುಹೋದ ನಕ್ಷತ್ರವೊಂದನ್ನು ಹುಡುಕಿ ಹೋದವನಿಗೆ, ಆ ಸಿಡಿತದಲ್ಲಿ ಸುಟ್ಟುಹೋದ ಒಂದು ಸುಂದರ ನಾಗರಿಕತೆಯ ಅವಶೇಷ ಸಿಗುತ್ತದೆ. ಕಾಲವನ್ನು ಎಣಿಸಿ ನೋಡಿದರೆ, ಬೆತ್ಲೆಹೇಮಿನ ಮೇಲೆ ಬೆಳಗಿದ್ದು ಅದೇ ಬೆಂಕಿ. ಅಲ್ಲಿಗೆ ಕತೆ ನಿಲ್ಲುತ್ತದೆ. ಲೇಖಕರು ನಾಸ್ತಿಕರು, ನನ್ನಂಥವನನ್ನು ಕೆಣಕಲೆಂದೇ ಬರೆದಿರಲೂಬಹುದು. ನಾನಂತೂ ಆ ರಾತ್ರಿ ನಿದ್ರೆ ಮಾಡಲಿಲ್ಲ. ಆ ಗುರು ಮರುದಿನ ಬಲಿಪೂಜೆ ಅರ್ಪಿಸಿದನೇ? ಕತೆ ಹೇಳುವುದಿಲ್ಲ. ವರ್ಷಕ್ಕೊಮ್ಮೆ, ಕ್ರಿಸ್ಮಸ್ಸಿನ ಮುನ್ನಾ ವಾರಗಳಲ್ಲಿ, ಅದನ್ನು ಮತ್ತೆ ಓದುತ್ತೇನೆ. ಒಂದೊಂದು ವರ್ಷ ಒಂದೊಂದು ಉತ್ತರ ನನ್ನೊಳಗೆ ಏಳುತ್ತದೆ.

ಕೇಳಿಸದ್ದನ್ನು ತುಂಬಿಕೊಳ್ಳುವ ಈ ಶಕ್ತಿಯನ್ನು ನಾನು ಬಹುಕಾಲ ವರವೆಂದೇ ಎಣಿಸಿದ್ದೆ. ಎರಡು ವರ್ಷಗಳ ಹಿಂದೆ ಕಿವಿಯ ಪರೀಕ್ಷೆಗೆಂದು ಹುಬ್ಬಳ್ಳಿಗೆ ಹೋದೆ. ವೈದ್ಯೆ ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಎರಡು ಸಾವಿರ ಹರ್ಟ್ಸಿನವರೆಗೆ ಸಮತಟ್ಟಾಗಿ ಬಂದ ಗೆರೆ, ನಾಲ್ಕು ಸಾವಿರದ ಬಳಿ ದಂಡೆ ಕುಸಿದಂತೆ ಕೆಳಗಿಳಿದಿತ್ತು. ವಯಸ್ಸಿನೊಡನೆ ಎತ್ತರದ ಸ್ವರಗಳು ಮೊದಲು ಹೋಗುತ್ತವೆಯಂತೆ. ನನ್ನ ರೇಡಿಯೋಗಳ ವಿಷಯದಲ್ಲಿ ಇದರಿಂದ ನಷ್ಟವಿಲ್ಲ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸಿನ ಮಧ್ಯಮ ತರಂಗವನ್ನು ಹಳೆಯ ಪೆಟ್ಟಿಗೆಯಲ್ಲಿ ಹಿಡಿದರೆ ಸಿಗುವ ದನಿಯೂ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಪೆಟ್ಟಿಗೆಯೂ ಕಿವಿಯೂ ಒಂದೇ ಅಳತೆಯವು, ಒಳ್ಳೆಯ ಜೋಡಿ!

ಮನುಷ್ಯರ ವಿಷಯ ಹಾಗಲ್ಲ. ಸ, ಶ, ತ, ಫ ಮೊದಲಾದ ವ್ಯಂಜನಗಳ ಗುರುತು ಇರುವುದೇ ಆ ಎತ್ತರದ ಭಾಗದಲ್ಲಿ. ಸ್ವರಗಳು ಕೇಳಿಸುತ್ತವೆ, ಯಾರೋ ಮಾತನಾಡುತ್ತಿದ್ದಾರೆಂದು ತಿಳಿಯುತ್ತದೆ, ಮಾತು ಮಾತ್ರ ಮಸುಕು. ಅದರಲ್ಲೂ ಪಿಸುಮಾತು. ನನ್ನ ಕೆಲಸದ ಬಹುಭಾಗ ಪಿಸುಮಾತು ಕೇಳುವುದೇ ಎಂಬುದನ್ನು ನೀವು ಬಲ್ಲಿರಿ. ಪಾಪನಿವೇದನೆಯ ಪೀಠದಲ್ಲಿ ಜಾಲರಿಯಾಚೆಯಿಂದ ತಗ್ಗಿದ ದನಿಯೊಂದು ಬರುವಾಗ, ಬಿಟ್ಟುಹೋದ ಅಕ್ಷರಗಳನ್ನು ಮಿದುಳು ತಾನಾಗಿಯೇ ತುಂಬಿಕೊಡಲು ಸಿದ್ಧವಾಗಿರುತ್ತದೆ. ಮಂದ್ರ ಷಡ್ಜವನ್ನು ತುಂಬಿದಷ್ಟೇ ಸಲೀಸಾಗಿ, ಕೇಳುವವನಿಗೆ ಗೊತ್ತೇ ಆಗದಂತೆ. ಆದರೆ ಒಬ್ಬರ ನೋವನ್ನು ನಾನು ಊಹಿಸಿ ಪೂರ್ತಿಮಾಡುವುದು ತಗದು. ಅವರು ಆಡದ ಮಾತಿಗೆ ನಾನು ಉತ್ತರ ಕೊಟ್ಟಂತಾಗುತ್ತದೆ. ಅಲ್ಲಿ ತಂತಿಯೇ ಮಿಡಿಯಬೇಕು. ಆದ್ದರಿಂದ ವೈದ್ಯೆ ಸೂಚಿಸಿದ ದಿನವೇ ಶ್ರವಣಯಂತ್ರಕ್ಕೆ ಒಪ್ಪಿದೆ.

ಅದನ್ನು ಬಿಚ್ಚಿ ನೋಡುವ ಆಸೆಯನ್ನು ತಡೆಯುವುದೇ ಕಷ್ಟವಾಯಿತು. ಅದರೊಳಗೂ ಒಂದು ಸ್ಪೀಕರ್ ಇದೆ, ಜೋಳದ ಕಾಳಿಗಿಂತ ತುಸು ದೊಡ್ಡದು. ನನ್ನ ಎತ್ತರದ ಸ್ವರಗಳನ್ನು ಅಳೆದು ಹೆಚ್ಚಿಸಿಕೊಡುವ ಗಣಕವೂ ಅದರೊಳಗಿದೆ. ನಾನು ಚಿಕ್ಕಂದಿನಲ್ಲಿ ಓದಿದ ಯಾವ ಕಾದಂಬರಿಯ ವೀರನ ಬಳಿಯೂ ಇಂಥದ್ದು ಇರಲಿಲ್ಲ. ಹಾನಗಲ್ಲಿನ ದುರಸ್ತಿಗಾರರಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ತಿರುಗಿಸಿ ನೋಡಿ, "ಇದಕ್ಕ ನನ್ನ ಕೈ ಮುಟ್ಟಂಗಿಲ್ಲ ಫಾದರ್" ಎಂದು ಮರಳಿಸಿದರು.

ಈ ಯಂತ್ರ ಹಾಕಿಕೊಂಡು ಮೊದಲ ಸಲ ಹಳೆಯ ರೇಡಿಯೋ ಹಚ್ಚಿದಾಗ, ಗಂಗೂಬಾಯಿಯವರ ದನಿಗಿಂತ ಮುಂದೆ ಅದರ ಸುಂಯ್ಯೆಂಬ ಸದ್ದು ಕಿವಿಗೆ ನುಗ್ಗಿತು. ಅದು ಯಾವಾಗಲೂ ಅಲ್ಲಿ ಇದ್ದದ್ದೇ ಇರಬೇಕು. ಈಗ ರೇಡಿಯೋ ಕೇಳುವಾಗ ಯಂತ್ರವನ್ನು ತೆಗೆದು ಮೇಜಿನ ಮೇಲಿಡುತ್ತೇನೆ. ಬಾಗಿಲಲ್ಲಿ ಯಾರಾದರೂ ಬಂದರೆ ರೇಡಿಯೋ ಆರಿಸಿ ಅದನ್ನು ಮತ್ತೆ ಹಾಕಿಕೊಳ್ಳುತ್ತೇನೆ. ಅದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ನಮ್ಮ ಮನೆಗೆ ಬರುವವರು ಅಷ್ಟು ಹೊತ್ತು ಹೊರಗೆ ನಿಲ್ಲಬೇಕಾಗಬಹುದು.